ಹಳೇ ಡೇಟಾ ಸೆಂಟರ್ ಹಸಿರು ಮಾಡೋ ಸ್ಪರ್ಧೆಗೆ ಸೇರಿದ್ದೀರಾ? ಸೋಲಾರ್ ಪ್ಯಾನೆಲ್ ಆಮೇಲೆ ನೋಡೋಣ

ನಮಸ್ಕಾರ ಎಲ್ರಿಗೂ. ಈ ವಿಡಿಯೋ ಮುಖ್ಯವಾಗಿ ಇಂಜಿನಿಯರಿಂಗ್ ಓದ್ತಿರೋರಿಗೆ, ಅದ್ರಲ್ಲೂ ಹಳೇ ಡೇಟಾ ಸೆಂಟರ್‌ನ (ಅಂದ್ರೆ ಸಾಲುಸಾಲು ಸರ್ವರ್ ಕಂಪ್ಯೂಟರ್ ಇಟ್ಟಿರೋ ಜಾಗನ) ಪರಿಸರಕ್ಕೆ ಹೊರೆ ಆಗ್ದಿರೋ ಥರ ಹೇಗೆ ಬದಲಾಯಿಸ್ತೀರಿ ಅಂತ ಕೇಳೋ ಸ್ಪರ್ಧೆಗಳಿಗೆ ಟೀಮ್ ಕಟ್ಕೊಂಡಿರೋರಿಗೆ. ಇಂಥದ್ದಕ್ಕೆ ಪಿಪಿಟಿ ಮಾಡೋಕೆ ಕೂತ್ರೆ ಮೊದಲ್ನೇ ಸ್ಲೈಡ್‌ಗೇ ಛಾವಣಿ ಮೇಲಿನ ಸೋಲಾರ್ ಬಂದ್ಬಿಡುತ್ತೆ, ಅದರ ಹಿಂದೇನೇ ಎಐ. ನನ್ನ ಪ್ರಕಾರ ಅವೆರಡೂ ಕೊನೇಲಿ ಬರ್ಬೇಕು. ಹಳೇ ಜಾಗದಲ್ಲಿ ಮೊದಲ ಕೆಲ್ಸ ಏನಪ್ಪಾ ಅಂದ್ರೆ, ಯಾರಿಗೂ ಬೇಡದೆ ಓಡ್ತಿರೋದನ್ನ ಹುಡುಕಿ ಆಫ್ ಮಾಡೋದು.

ಇದಕ್ಕೇ ಅಂತ ಒಂದು ಸ್ಪರ್ಧೆ ನಿಜವಾಗ್ಲೂ ನಡೆದಿದೆ, ಕಂಪನಿಗಳ ಮಧ್ಯೆ. ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಅಂತ ಡೇಟಾ ಸೆಂಟರ್‌ಗಳಿಗೆ ಟಿಯರ್, ಅಂದ್ರೆ ನಿಲ್ಲದೆ ಓಡೋ ಸಾಮರ್ಥ್ಯದ ದರ್ಜೆಯ ಸರ್ಟಿಫಿಕೇಟ್ ಕೊಡೋ ಸಂಸ್ಥೆ, ಅವ್ರು 2011ರಲ್ಲಿ ಸರ್ವರ್ ರೌಂಡಪ್ ಅಂತ ಶುರು ಮಾಡಿದ್ರು. ನಿಯಮ ಸಿಂಪಲ್, ಯಾರು ಜಾಸ್ತಿ ಹಳೇ ಸರ್ವರ್ ಕಿತ್ತು ಹಾಕ್ತಾರೋ ಅವ್ರು ಗೆದ್ರು, ಗೆದ್ದೋರಿಗೆ ಅಮೆರಿಕದ ಕೌಬಾಯ್‌ಗಳು ಹಾಕ್ಕೊಳ್ಳೋ ಥರದ ದೊಡ್ಡ ಬೆಲ್ಟ್ ಬಕಲ್. ಮೊದಲ ಸಲ ಗೆದ್ದಿದ್ದು ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್, ಒಂದೇ ವರ್ಷದಲ್ಲಿ 9,484 ಸರ್ವರ್ ತೆಗೆದ್ರು, ಸುಮಾರು 50 ಲಕ್ಷ ಡಾಲರ್ ಉಳೀತು. ಆಮೇಲೆ ಬಾರ್ಕ್ಲೇಸ್ ಬ್ಯಾಂಕ್ 2012ರಲ್ಲಿ 5,515 ತೆಗೀತು, ಅಲ್ಲಿಗೆ ಮುಗೀತು ಅಂದ್ಕೊಂಡ್ರೆ ಮುಂದಿನ ವರ್ಷ ಇನ್ನೂ 9,124! ಯಾವ ಹೊಸ ತಂತ್ರಜ್ಞಾನಾನೂ ಬೇಕಾಗ್ಲಿಲ್ಲ.

ಅಷ್ಟೊಂದು ಸರ್ವರ್ ಸುಮ್ನೆ ಯಾಕೆ ಇರುತ್ತೆ ಅಂತ ಕೇಳ್ಬಹುದು. ಪ್ರಾಜೆಕ್ಟ್ ಮುಗಿದಿರುತ್ತೆ, ಮಾಡಿದೋರು ಬೇರೆ ಕಂಪನಿಗೆ ಹೋಗಿರ್ತಾರೆ, ಉಳಿದೋರಿಗೆ ಅದು ಯಾವ್ದಕ್ಕೆ ಕನೆಕ್ಟ್ ಆಗಿದೆ ಅಂತ ಗೊತ್ತಿರಲ್ಲ, ಆಫ್ ಮಾಡಿ ಏನಾದ್ರೂ ನಿಂತ್ಹೋದ್ರೆ ಬೈಸ್ಕೊಳ್ಳೋದು ಯಾರು ಅಂತ ಹಾಗೇ ಬಿಟ್ಟಿರ್ತಾರೆ. 2015ರಲ್ಲಿ ಕಂಪ್ಯೂಟರ್‌ಗಳ ವಿದ್ಯುತ್ ಬಳಕೆ ಬಗ್ಗೆ ಸಂಶೋಧನೆ ಮಾಡೋ ಜೊನಾಥನ್ ಕೂಮಿ ಮತ್ತು ಆಂಥೆಸಿಸ್ ಅನ್ನೋ ಸಲಹಾ ಸಂಸ್ಥೆ ಮಾಡಿದ ಅಧ್ಯಯನದಲ್ಲಿ ನೋಡಿದ ಸರ್ವರ್‌ಗಳಲ್ಲಿ ಸುಮಾರು ಶೇ. 30ರಷ್ಟು ಆರು ತಿಂಗಳಿಂದ ಒಂದು ಉಪಯೋಗದ ಕೆಲ್ಸಾನೂ ಮಾಡಿರ್ಲಿಲ್ಲ. ಕೆಲ್ಸ ಇಲ್ದಿದ್ರೂ ಹಳೇ ಸರ್ವರ್ ತನ್ನ ಪೂರ್ತಿ ಲೋಡ್‌ನ ಕರೆಂಟಲ್ಲಿ ಹತ್ತಿರ ಅರ್ಧ ಎಳೀತಾನೇ ಇರುತ್ತೆ, ಅದರ ಬಿಸಿ ಹೊರಗೆ ಹಾಕೋಕೆ ಎಸಿ ಇನ್ನಷ್ಟು ಎಳೆಯುತ್ತೆ.

ಈಗ ಲೆಕ್ಕಕ್ಕೆ ಬರೋಣ, ಯಾಕಂದ್ರೆ ಜಡ್ಜ್‌ಗಳು ಇಲ್ಲೇ ಹಿಡಿಯೋದು. ಪಿಯುಇ, ಅಂದ್ರೆ ಪವರ್ ಯೂಸೇಜ್ ಎಫೆಕ್ಟಿವ್‌ನೆಸ್ ಅಂತ ಕೇಳಿರ್ತೀರಿ. ಇಡೀ ಕಟ್ಟಡ ತಗೊಳ್ಳೋ ವಿದ್ಯುತ್ತನ್ನ ಬರೀ ಕಂಪ್ಯೂಟರ್, ಸ್ಟೋರೇಜ್, ನೆಟ್‌ವರ್ಕ್ ತಗೊಳ್ಳೋದ್ರಿಂದ ಭಾಗಿಸಿದ್ರೆ ಬರೋ ನಂಬರ್. 1 ಬಂದ್ರೆ ಪರ್ಫೆಕ್ಟ್. ಗೂಗಲ್‌ನವ್ರ ದೊಡ್ಡ ಸೆಂಟರ್‌ಗಳ ಸರಾಸರಿ 1.1ರ ಆಸುಪಾಸಲ್ಲಿದೆ, ಹಳೇ ರೂಮ್‌ಗಳಲ್ಲಿ 2 ಇದ್ರೆ ಆಶ್ಚರ್ಯ ಇಲ್ಲ.

(ಸ್ಕ್ರೀನ್ ಮೇಲೆ: 100 + 100 = 200)

ಸರ್ವರ್‌ಗಳಿಗೆ 100 ಕಿಲೋವ್ಯಾಟ್, ಎಸಿ, ಯುಪಿಎಸ್, ಲೈಟು ಎಲ್ಲಾ ಸೇರಿ ಇನ್ನೊಂದು 100, ಪಿಯುಇ 2. ನಿಮ್ ಟೀಮ್ ಕಷ್ಟಪಟ್ಟು 20 ಕಿಲೋವ್ಯಾಟ್‌ನಷ್ಟು ಕೆಲ್ಸ ಇಲ್ಲದ ಸರ್ವರ್ ಹುಡುಕಿ ಆಫ್ ಮಾಡ್ಸಿದ್ರಿ ಅಂತಿಟ್ಕೊಳ್ಳಿ. ಹಳೇ ಎಸಿಗಳ ಫ್ಯಾನ್ ಒಂದೇ ಸ್ಪೀಡಲ್ಲಿ ಓಡ್ತವೆ, ಹಾಗಾಗಿ ಅಲ್ಲಿ ಬರೀ 10 ಕಡಿಮೆ ಆಯ್ತು. ಒಟ್ಟು 170. ಈಗ 170 ಭಾಗಿಸು 80, ಅಂದ್ರೆ ಪಿಯುಇ 2.1 ದಾಟ್ತು! ಕರೆಂಟ್ 30 ಕಿಲೋವ್ಯಾಟ್ ಉಳಿದಿದೆ, ನಂಬರ್ ಮಾತ್ರ ಹಾಳಾಗಿದೆ. ಪಿಯುಇ ಒಂದನ್ನೇ ತೋರ್ಸಿದ್ರೆ ಒಳ್ಳೇ ಕೆಲ್ಸ ಕೆಟ್ಟದಾಗಿ ಕಾಣುತ್ತೆ, ಅದಕ್ಕೇ ಒಟ್ಟು ಯೂನಿಟ್ಟೂ ತೋರ್ಸಿ. 30 ಕಿಲೋವ್ಯಾಟ್ ವರ್ಷಕ್ಕೆ 2,62,800 ಯೂನಿಟ್, ನಮ್ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಹಿಡಿದ್ರೂ 180 ಟನ್ ದಾಟುತ್ತೆ.

ಸರಿ, ಎಸಿ ಕಡೆ ಬರೋಣ, ದುಡ್ಡು ಸೋರೋದು ಇಲ್ಲೇ. ಹಳೇ ರೂಮ್‌ಗಳಲ್ಲಿ ರ‍್ಯಾಕ್‌ಗಳನ್ನ (ಸರ್ವರ್ ಜೋಡಿಸೋ ಕಪಾಟುಗಳು) ಒಂದರ ಬೆನ್ನಿಗೆ ಇನ್ನೊಂದರ ಮುಖ ಬರೋ ಹಾಗೆ ನಿಲ್ಸಿರ್ತಾರೆ, ಮುಂದಿನ ಸಾಲು ಬಿಟ್ಟ ಬಿಸಿಗಾಳೀನೇ ಹಿಂದಿನ ಸಾಲು ಎಳ್ಕೊಳ್ಳುತ್ತೆ. ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಬರೋ ಹಾಗೆ ತಿರುಗ್ಸಿ, ಖಾಲಿ ಇರೋ ಸ್ಲಾಟ್‌ಗಳಿಗೆ ಬ್ಲಾಂಕಿಂಗ್ ಪ್ಯಾನೆಲ್ (ಗಾಳಿ ನುಗ್ಗದ ಹಾಗೆ ಮುಚ್ಚೋ ಹಲಗೆ) ಹಾಕಿ, ಕೇಬಲ್ ಇಳಿಸೋಕೆ ನೆಲದಲ್ಲಿ ಕೊರೆದ ತೂತುಗಳನ್ನ ಮುಚ್ಚಿ. ಸರ್ವರ್ ಒಳಗೆ ಹೋಗೋ ಗಾಳಿ 27 ಡಿಗ್ರಿ ತನಕ ಇರ್ಬಹುದು ಅಂತ ಎಸಿ ಇಂಜಿನಿಯರ್‌ಗಳ ಅಮೆರಿಕದ ಸಂಘ ಆಶ್ರೇ 2008ರಲ್ಲೇ ಹೇಳಿಯಾಗಿದೆ, ಆದ್ರೂ ಎಷ್ಟೋ ಕಡೆ ಒಳಗೆ ಹೋಗ್ಬೇಕಾದ್ರೆ ಸ್ವೆಟರ್ ಬೇಕು. ಫ್ಯಾನ್‌ಗೆ ವೇಗ ಬದಲಾಯಿಸೋ ಡ್ರೈವ್ ಹಾಕಿದ್ರಂತೂ ಲಾಭ ದೊಡ್ಡದು, ಫ್ಯಾನ್ ಎಳೆಯೋ ಕರೆಂಟು ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತೆ, ಶೇ. 80 ವೇಗಕ್ಕೆ ತಂದ್ರೆ 0.8 × 0.8 × 0.8, ಹೆಚ್ಚೂಕಮ್ಮಿ ಅರ್ಧ. ಆದ್ರೆ ಮೊದಲು ಗಾಳಿ ಸೋರೋದು ನಿಲ್ಸಿ ಆಮೇಲೆ ಫ್ಯಾನ್ ಇಳ್ಸಿ, ಉಲ್ಟಾ ಮಾಡಿದ್ರೆ ಮೇಲಿನ ಸರ್ವರ್‌ಗಳು ಬಿಸಿಯಾಗ್ತವೆ.

ಬೇರೆ ದೇಶದ ಐಡಿಯಾ ಕಾಪಿ ಮಾಡೋವಾಗ ಊರು ನೋಡಿ. ಡೆನ್ಮಾರ್ಕ್‌ನ ಓಡೆನ್ಸ್‌ನಲ್ಲಿ ಮೆಟಾ ಡೇಟಾ ಸೆಂಟರ್‌ನ ಬಿಸಿ ಊರಿನ ಮನೆಗಳಿಗೆ ಹೋಗುತ್ತೆ, ಚಳಿ ಊರು, ಅಲ್ಲಿ ಸರಿ. ಚೆನ್ನೈನಲ್ಲಿ ಆ ಬಿಸಿ ಯಾರಿಗೆ ಬೇಕು ಹೇಳಿ? ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ವರ್ಷದ ಎಷ್ಟೋ ರಾತ್ರಿ ಹೊರಗಿನ ಗಾಳಿ 20-22 ಡಿಗ್ರಿ ಇರುತ್ತೆ, ಹಾಗಾಗಿ ಫಿಲ್ಟರ್ ಮಾಡಿ, ತೇವ ನೋಡ್ಕೊಂಡು ಹೊರಗಿನ ಗಾಳಿ ಬಳಸೋ ಲೆಕ್ಕಾಚಾರ ಇಲ್ಲಿ ಮಾಡೋಕೆ ಯೋಗ್ಯ.

ನೀರಿನ ವಿಷ್ಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನೀರು ಆವಿ ಮಾಡಿ ತಂಪು ಮಾಡೋ ಕೂಲಿಂಗ್ ಟವರ್ ಹಾಕಿದ್ರೆ ಕರೆಂಟ್ ಇಳಿಯುತ್ತೆ, ಪಿಯುಇ ಚೆನ್ನಾಗಿ ಕಾಣುತ್ತೆ, ಆದ್ರೆ ಒಂದು ಯೂನಿಟ್‌ನಷ್ಟು ಬಿಸಿ ತೆಗೆಯೋಕೆ ಹತ್ತಿರತ್ತಿರ ಒಂದೂವರೆ ಲೀಟರ್ ನೀರು ಆವಿಯಾಗಿ ಹೋಗುತ್ತೆ. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್‌ಗೆ ಕಾದಿದ್ದು ನೋಡಿದ ಮೇಲೆ, ಕುಡಿಯೋ ನೀರು ಸುರಿದು ಪಿಯುಇ ಇಳ್ಸೋದನ್ನ ಹಸಿರು ಅಂತ ಕರೆಯೋಕೆ ನಂಗೆ ಮನಸ್ಸು ಬರಲ್ಲ. ಸಂಸ್ಕರಿಸಿದ ಕೊಳಚೆ ನೀರು ಸಿಗುತ್ತಾ ನೋಡಿ, ಸಿಗಲ್ಲ ಅಂದ್ರೆ ಆ ಐಡಿಯಾ ಕೈಬಿಡಿ.

ತೆಗೆದ ಸರ್ವರ್‌ಗಳಿಗೂ ಒಂದು ಸ್ಲೈಡ್ ಇಡಿ: ಡೇಟಾ ಅಳಿಸೋದು ಹೇಗೆ, ಯಾವ ಪಾರ್ಟ್ ಮತ್ತೆ ಬಳಸ್ಬಹುದು, ಉಳಿದಿದ್ದು ನೋಂದಾಯಿತ ರೀಸೈಕ್ಲರ್‌ಗೆ. 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ, ಗುಜರಿಗೆ ತೂಕಕ್ಕೆ ಹಾಕೋ ಹಾಗಿಲ್ಲ.

ಸೈಟ್ ಸಿಗಲಿಲ್ಲ ಅಂತ ಸುಮ್ನೆ ಕೂರ್ಬೇಡಿ, ನಿಮ್ ಕಾಲೇಜಿನ ಸರ್ವರ್ ರೂಮೇ ಸಾಕು. ಸಿಸ್ಟಮ್ ಅಡ್ಮಿನ್ ಸರ್ ಹತ್ರ ಪರ್ಮಿಷನ್ ತಗೊಂಡು ಪ್ರತಿ ರ‍್ಯಾಕ್‌ನ ಮುಂಭಾಗದಲ್ಲಿ ಕೆಳಗೆ, ಮಧ್ಯೆ, ಮೇಲೆ ಒಂದೊಂದು ಥರ್ಮಾಮೀಟರ್ ಅಂಟ್ಸಿ, ಎಸಿ ಲೈನಿಗೂ ಯುಪಿಎಸ್ ಲೈನಿಗೂ ಬೇರೆ ಬೇರೆ ಎನರ್ಜಿ ಮೀಟರ್ ಹಾಕ್ಸಿ, ಒಂದು ವಾರ ರೀಡಿಂಗ್ ಬರ್ಕೊಳ್ಳಿ. ಜೊತೆಗೆ ಪ್ರತಿ ಸರ್ವರ್ ಯಾರದ್ದು, ಕೊನೇ ಸಲ ಯಾರು ಲಾಗಿನ್ ಆಗಿದ್ರು ಅಂತ ಒಂದು ಶೀಟ್ ಮಾಡಿ. ಮಾಲೀಕರ ಕಾಲಮ್ ಖಾಲಿ ಉಳಿದ ಸರ್ವರ್‌ಗಳನ್ನ ಮೊದಲು ವಿಚಾರಿಸಿ.