ಶನಿವಾರದ ಬಟವಾಡೆ

ಕೇಳುಗರಿಗೆ ನಮಸ್ಕಾರ.

ಕುಡಿತದ ಮಾತು ಬಂದಾಗಲೆಲ್ಲ ನಾವು ಕುಡಿಯುವವನ ಈಲಿಯನ್ನೂ ಅವನ ಜೇಬನ್ನೂ ಲೆಕ್ಕ ಹಾಕುತ್ತೇವೆ. ಅದೇ ಸೂರಿನಡಿ ಬದುಕುವ ಉಳಿದ ಮೂರು ನಾಲ್ಕು ಜನರ ಪಾಡು ಆ ಲೆಕ್ಕಕ್ಕೆ ಬರುವುದು ಅಪರೂಪ. ಇಂದು ಅವರನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಶನಿವಾರ ಬಟವಾಡೆಯ ದಿನ. ಗಾರೆ ಕೆಲಸದವನೊಬ್ಬನ ಮನೆಯೆಂದಿಟ್ಟುಕೊಳ್ಳಿ. ಸಂಘದ ಕಂತಿಗೆಂದು ಕೂಡಿಟ್ಟ ಇನ್ನೂರು ರೂಪಾಯಿಯನ್ನು ಹೆಂಡತಿ ಸಂಜೆಗೆ ಮೊದಲೇ ಮೆಂತ್ಯದ ಡಬ್ಬಿಯಿಂದ ತೆಗೆದು ಪಕ್ಕದ ಮನೆಯವರ ಕೈಗಿತ್ತು ಬರುತ್ತಾಳೆ, ಏಕೆಂದರೆ ಆ ಡಬ್ಬಿಯ ಗುಟ್ಟು ಹೋದ ವಾರ ಬಯಲಾಗಿದೆ. ಚಿಕ್ಕವನಿಗೆ ಬೇಗ ಉಣಿಸಿ ಮಲಗಿಸಿಬಿಡುತ್ತಾಳೆ. ಏಳನೆಯ ತರಗತಿಯ ಮಗಳು ಪುಸ್ತಕ ಬಿಡಿಸಿಕೊಂಡು ಕುಳಿತಿದ್ದರೂ ಅವಳ ಕಿವಿ ಹೊಸ್ತಿಲಲ್ಲಿರುತ್ತದೆ: ಅಪ್ಪ ಚಪ್ಪಲಿಯನ್ನು ಮೆಲ್ಲಗೆ ಬಿಟ್ಟರೆ ಒಂದು ರಾತ್ರಿ, ಗೋಡೆಗೆ ಒದ್ದು ಬಿಟ್ಟರೆ ಬೇರೆಯದೇ ರಾತ್ರಿ. ಸದ್ದಿನಲ್ಲೇ ತಂದೆಯನ್ನು ಓದಲು ಕಲಿತ ಈ ಹುಡುಗಿಯ ಅಂಕಪಟ್ಟಿಯಲ್ಲಿ ‘ಓದಿನಲ್ಲಿ ಗಮನ ಸಾಲದು’ ಎಂದು ಬರೆಯುವ ಶಿಕ್ಷಕರಿಗೆ, ಅವಳ ಗಮನವೆಲ್ಲ ಎಲ್ಲಿಗೆ ಸಂದಾಯವಾಗುತ್ತಿದೆಯೆಂಬುದು ತಿಳಿಯುವ ಬಗೆಯಾದರೂ ಹೇಗೆ?

ಸೋಮವಾರ ಬೆಳಿಗ್ಗೆ ಅವನಿಗೆ ಏಳಲಾಗುವುದಿಲ್ಲ. ಮೇಸ್ತ್ರಿಗೆ ಫೋನು ಮಾಡಿ ‘ಜ್ವರ ಬಂದಿದೆ’ ಎನ್ನುವವಳು ಹೆಂಡತಿಯೇ. ಆ ಸುಳ್ಳು ಅವನ ಕೂಲಿಯನ್ನು ಉಳಿಸುತ್ತದೆ, ಜೊತೆಗೆ ಅವನ ರೋಗವನ್ನೂ ಉಳಿಸುತ್ತದೆ. ಇದಕ್ಕೆ ಅವಳನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಗಂಡನ ಕುಡಿತಕ್ಕೂ ಹೆಂಡತಿಯ ನಡತೆಯಲ್ಲೇ ಕಾರಣ ಹುಡುಕುವ ಬೀದಿಯಲ್ಲಿ ಮುಚ್ಚಿಡದೆ ಅವಳು ಮತ್ತೇನು ಮಾಡಿಯಾಳು?

ಮುಚ್ಚಿಡದೆ ಬೀದಿಗಿಳಿದ ಹೆಂಗಸರೂ ಇದ್ದಾರೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದರ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ‘ನೈಂಟಿ’ ಬಂದು ಕೂತಿತು. ಹಳ್ಳಿಯ ಕಿರಾಣಿ ಅಂಗಡಿಗಳಲ್ಲೂ ಅದು ಕದ್ದು ಮಾರಾಟವಾಗುತ್ತಿದೆಯೆಂದು ದೂರಿ, 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು, ಬಹುಪಾಲು ಬಡ ಕೂಲಿಕಾರರು, ಮದ್ಯನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಬಂದರು. ಅವರು ಕೇಳಿದ್ದು ಸಿಗಲಿಲ್ಲ. 2025-26ರ ಆಯವ್ಯಯದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡ ಖಜಾನೆಗೆ ಅದನ್ನು ಬಿಡುವುದು, ಕುಡಿಯುವವನಿಗೆ ಬಿಡುವಷ್ಟೇ ಕಷ್ಟವೇನೋ.

ಇನ್ನು ಬಿಡುವ ಬಗೆಗೆ. ‘ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದು’ ಎಂದು ದೇವರ ಮುಂದೆ ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕುವ ಮನೆಗಳುಂಟು. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯ ಒಮ್ಮೆಲೇ ನಿಂತರೆ ಕೈ ನಡುಗುತ್ತದೆ, ಮೈ ಬೆವರುತ್ತದೆ. ಕೆಲವರಿಗೆ ಮೊದಲೆರಡು ದಿನಗಳಲ್ಲೇ ಫಿಟ್ಸ್ ಬರುತ್ತದೆ, ಇನ್ನು ಕೆಲವರು ಮೂರನೆಯ ದಿನದ ಹೊತ್ತಿಗೆ ಇಲ್ಲದ ಹುಳುಗಳನ್ನು ಗೋಡೆಯ ಮೇಲೆ ಕಾಣತೊಡಗುತ್ತಾರೆ. ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವ ಈ ಸ್ಥಿತಿಯಲ್ಲಿ ಆಸ್ಪತ್ರೆ ಸೇರದಿದ್ದರೆ ಪ್ರಾಣವೇ ಹೋಗಬಹುದು. ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಔಷಧಿಯೂ ಅಪಾಯಕಾರಿಯೇ. ಅದು ಮದ್ಯ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಆಗಿದ್ದರೆ, ತಿಂದವನು ಅರಿವಿಲ್ಲದೆ ಕುಡಿದನೆಂದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತು ಬಂದೀತು.

ಕೇಂದ್ರ ಸರ್ಕಾರ ದೆಹಲಿಯ ಏಮ್ಸ್ ಸಂಸ್ಥೆಯಿಂದ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೊಂದು ಚಿಕಿತ್ಸೆ ಪಡೆದವರು 38ಕ್ಕೆ ಒಬ್ಬರು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವಿದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಆದರೂ ಬಹುತೇಕ ಮನೆಗಳು ‘ಅವನೇ ಒಪ್ಪಿ ಬರಲಿ’ ಎಂದು ಕಾಯುತ್ತ ಕೂರುತ್ತವೆ. ಕಾಯಬೇಕಾಗಿಲ್ಲ. ಕುಡಿಯುವವರ ಮನೆಯವರಿಗಾಗಿಯೇ 1951ರಲ್ಲಿ ಅಮೆರಿಕದಲ್ಲಿ ಶುರುವಾದ ಅಲ್-ಅನಾನ್ ಕೂಟಗಳು ಬೆಂಗಳೂರಿನಲ್ಲೂ ನಡೆಯುತ್ತವೆ; ಅಲ್ಲಿ ಹೆಂಡತಿಯರು, ತಾಯಂದಿರು ಗಂಡ ಮಕ್ಕಳ ಕುಡಿತವನ್ನು ಪಕ್ಕಕ್ಕಿಟ್ಟು ತಮ್ಮ ನಿದ್ದೆ, ತಮ್ಮ ಅಂಜಿಕೆಗಳನ್ನು ಹೇಳಿಕೊಳ್ಳುತ್ತಾರೆ. 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕಾಸಿಲ್ಲದೆ ಕರೆ ಮಾಡಬಹುದು. ಕರೆ ಮಾಡುವವರು ಕುಡಿಯುವವರೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

ನಮಸ್ಕಾರ.