ನಿಮ್ಹಾನ್ಸ್ ಇದೆಯಲ್ಲ, ಇನ್ನೇನು ಬೇಕಂತೆ!

ನಮಸ್ಕಾರ, ಬನ್ನಿ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಮಿದುಳಿನ ಸಂಶೋಧನೆಗೆ ರಾಜ್ಯ ಯಾಕೆ ದುಡ್ಡು ಕೊಡಬೇಕು ಸಾರ್? ನಿಮ್ಹಾನ್ಸ್ ಇದೆಯಲ್ಲ, ಅದು ಸೆಂಟ್ರಲ್‌ದು." ಆ ಕಮೆಂಟಿಗೆ ನನ್ನ ವಿಡಿಯೋಗಿಂತ ಜಾಸ್ತಿ ಲೈಕ್. ಹೊಟ್ಟೆ ಉರಿಯಲ್ವಾ?

ಸ್ವಾಮಿ, ನಿಮ್ಹಾನ್ಸ್ ಆಕಾಶದಿಂದ ಉದುರಿದ್ದಲ್ಲ. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯನ್ನೂ ಕೇಂದ್ರದ ಸಂಸ್ಥೆಯನ್ನೂ ಸೇರಿಸಿ 1974ರಲ್ಲಿ ಮಾಡಿದ್ದು. ರಾಜರ ಕಾಲದಲ್ಲಿ ಕೈ ಬಿಚ್ಚಿದ್ದೇವೆ, ಈಗ ಮುಷ್ಟಿ ಬಿಗಿನಾ?

ನಾನು ಹೇಳುವುದು ಒಂದೇ. ರಾಜ್ಯ ಬಜೆಟ್‌ನಲ್ಲಿ ಮಾನಸಿಕ ಆರೋಗ್ಯ, ಮಿದುಳಿನ ಕಾಯಿಲೆಗಳ ಸಂಶೋಧನೆಗೆ ಅಂತಲೇ ಒಂದು ಗಂಟು ತೆಗೆದಿಡಿ. ವರ್ಷ ವರ್ಷವೂ. ಸರ್ಕಾರ ಬದಲಾದರೂ ಅದಕ್ಕೆ ಕೈ ಹಾಕಬೇಡಿ.

ನಮ್ಮ ಅಜ್ಜಿಗೆ ಮರೆವು ಶುರುವಾದಾಗ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. "ಇವತ್ತು ತಾರೀಕು ಎಷ್ಟಮ್ಮ?" ಅಂದರು. "ಅಮಾಸೆ ಆಗಿ ಮೂರು ದಿನ ಆಯ್ತಪ್ಪ" ಅಂದಳು. ಲೆಕ್ಕ ಸರಿಯಾಗೇ ಇತ್ತು! ಸಿಕ್ಕಿದ್ದು ಸೊನ್ನೆ. ಆಮೇಲೆ ಒಂದು ವಾಕ್ಯ ಬರಿ ಅಂತ ಪೆನ್ನು ಕೊಟ್ಟರು. ಶಾಲೆಯ ಮೆಟ್ಟಿಲು ಹತ್ತದವಳು ಆ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನ ಜೇಬಿಗೆ ಸಿಕ್ಕಿಸಿದಳು. ಓದಿದವರಿಗೆ ಮಾಡಿದ ಪರೀಕ್ಷೆ ಅದು. ನಮ್ಮವರಿಗೆ ಹೊಂದುವ ಪರೀಕ್ಷೆ ಬೇಕಾದರೆ ನಮ್ಮ ಹಳ್ಳಿಯಲ್ಲೇ ವರ್ಷಗಟ್ಟಲೆ ಕೂರಬೇಕು. ಅದಕ್ಕೇ ದುಡ್ಡು!

ಕೋಲಾರದ ಶ್ರೀನಿವಾಸಪುರದಲ್ಲಿ ಹಾಗೆ ಕೂತಿದ್ದಾರೆ. ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹಳ್ಳಿಗರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಗುರಿ 10,000 ಜನ. ಆ ಕೇಂದ್ರಕ್ಕೆ 225 ಕೋಟಿ ಕೊಡಲು ಮುಂದೆ ಬಂದದ್ದು ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಕುಟುಂಬದ ಟ್ರಸ್ಟ್. ಪುಣ್ಯಾತ್ಮರು. ಎಲ್ಲ ಊರಿಗೂ ಒಬ್ಬ ಪುಣ್ಯಾತ್ಮ ಸಿಗ್ತಾನಾ?

"2022ರಲ್ಲೇ ಕರ್ನಾಟಕ ಮಿದುಳು ಆರೋಗ್ಯ ಯೋಜನೆ ಬಂತಲ್ಲ" ಅಂತೀರಿ. ಬಂತು, ಸಂತೋಷ. ಜಿಲ್ಲಾಸ್ಪತ್ರೆಯಲ್ಲಿ ಕ್ಲಿನಿಕ್, ಡಾಕ್ಟರಿಗೆ ತರಬೇತಿ. ಅದು ಅನ್ನ ಬಡಿಸುವ ಕೆಲಸ. ನಾನು ಕೇಳುತ್ತಿರುವುದು ಭತ್ತದ ತಳಿ ಹುಡುಕುವ ಕೆಲಸ. ಭತ್ತದ ಸಂಶೋಧನೆಗೆ ಹೆಸರಾದ ಮಂಡ್ಯದ ವಿ.ಸಿ. ಫಾರಂ ಕಟ್ಟುವಾಗ ದಿಲ್ಲಿ ಕಡೆ ನೋಡುತ್ತಾ ಕೂತಿದ್ವಾ?

ಅಂದ ಹಾಗೆ ನಮ್ಮ ಚಾನೆಲ್ ಲೋಟ ಬಂದಿದೆ, 299 ರೂಪಾಯಿ. ನೆನಪಿರಲಿ. ಮರೆತರೆ... ನೋಡಿ, ಮತ್ತೆ ಅಲ್ಲಿಗೇ ಬಂದೆ.

"ರಸ್ತೆ ಗುಂಡಿ ಮುಚ್ಚಕ್ಕೇ ದುಡ್ಡಿಲ್ಲ" ಅನ್ನುವವರೇ, ಇಷ್ಟು ದಿನ ಸಂಶೋಧನೆಗೆ ಕೊಡದೆ ಎಷ್ಟು ಗುಂಡಿ ಮುಚ್ಚಿದಿರಿ? ಅಮೆರಿಕದ ಟೆಕ್ಸಾಸ್ ಕೂಡ ಒಂದು ರಾಜ್ಯವೇ. ಮರೆವಿನ ಕಾಯಿಲೆ ಸಂಶೋಧನೆಗೆ 300 ಕೋಟಿ ಡಾಲರ್ ತೆಗೆದಿಡಿ ಅಂತ 2025ರ ನವೆಂಬರ್‌ನಲ್ಲಿ ಅಲ್ಲಿನ ಜನ ಮತ ಹಾಕಿದರು. ಅವರು ಶ್ರೀಮಂತರು ಅಂತೀರಾ? ಟೆಕ್ ಸಮಾವೇಶದ ವೇದಿಕೆ ಮೇಲೆ ನಾವೂ ಶ್ರೀಮಂತರೇ, ಅಜ್ಜಿ ವಿಷಯ ಬಂದಾಗ ಮಾತ್ರ ಬಡವರು!

ಕೊಡಿ ಅಂದ್ರೆ ಕೊಡಿ. ಯಾಕೆ ಅಂದ್ರೆ... ಸ್ಕ್ರಿಪ್ಟ್ ಇಲ್ಲಿಗೆ ಮುಗಿದಿದೆ, ಆದ್ರೂ ಕೊಡಿ! ಬೆಲ್ ಒತ್ತಿ. ಆ ಕಮೆಂಟ್ ಹಾಕಿದ ಸಾರ್, ನೀವೂ ಒತ್ತಿ.