ದೀಪ ಹೇಳಿದ್ದೊಂದು, ವಾಲ್ವ್ ಮಾಡಿದ್ದೊಂದು

ಎಲ್ಲರಿಗೂ ನಮಸ್ಕಾರ.

ಅಣುಸ್ಥಾವರದಲ್ಲಿ ಅಪಘಾತ ಅಂದ ಕೂಡಲೇ "ಯಾರೋ ಆಪರೇಟರ್ ಎಡವಟ್ಟು ಮಾಡಿರಬೇಕು" ಅಂದುಬಿಡುತ್ತೇವೆ. ಇವತ್ತು ನಾನು ಆ ಆಪರೇಟರ್‌ಗಳ ಪರ ವಕಾಲತ್ತು ವಹಿಸಲು ಬಂದಿದ್ದೇನೆ ಅಂತಲೇ ಇಟ್ಟುಕೊಳ್ಳಿ. ನನ್ನ ಮುಖ್ಯ ಸಾಕ್ಷಿ ಒಂದು ಪುಟ್ಟ ದೀಪ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಸಸ್ಕ್ವೆಹಾನಾ ನದಿಯ ನಡುಗಡ್ಡೆಯಲ್ಲಿರುವ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದ ಎರಡನೇ ಘಟಕ. 1979ರ ಮಾರ್ಚ್ 28, ಬೆಳಗಿನ ಜಾವ 4 ಗಂಟೆ. ರಿಯಾಕ್ಟರಿನ ಬಿಸಿ ಹೀರಿ ಆವಿ ಮಾಡುವ ಸ್ಟೀಮ್ ಜನರೇಟರ್‌ಗಳಿಗೆ ನೀರು ಕಳಿಸುವ ಪಂಪ್‌ಗಳು ನಿಂತವು. ಟರ್ಬೈನೂ ನಿಂತಿತು. ರಿಯಾಕ್ಟರಿನ ಒತ್ತಡ ಏರಿತು, ಅದನ್ನು ಇಳಿಸಲು ರಿಲೀಫ್ ವಾಲ್ವ್ ತೆರೆಯಿತು. ಎಂಟು ಸೆಕೆಂಡಿಗೆ ರಿಯಾಕ್ಟರ್ ತಾನಾಗಿಯೇ ಬಂದ್ ಆಯಿತು. ಇಲ್ಲಿಯವರೆಗೆ ಎಲ್ಲ ಸರಿ. ಒತ್ತಡ ಇಳಿದ ಮೇಲೆ ವಾಲ್ವ್ ಮುಚ್ಚಬೇಕಿತ್ತು. ಮುಚ್ಚಲಿಲ್ಲ, ತೆರೆದಲ್ಲೇ ಸಿಕ್ಕಿಕೊಂಡಿತು.

ಆದರೆ ಕಂಟ್ರೋಲ್ ರೂಮಿನಲ್ಲಿ ಅದರ ದೀಪ ಆರಿತು. ದೀಪ ಆರಿದರೆ ವಾಲ್ವ್ ಮುಚ್ಚಿದೆ ಅಂತ ತಾನೇ ಅರ್ಥ? ಅಲ್ಲ. ಆ ದೀಪದ ತಂತಿ ಹೋಗಿದ್ದು ವಾಲ್ವಿಗಲ್ಲ, ಅದನ್ನು ತೆರೆಯುವ ಸೊಲೆನಾಯ್ಡ್ ಅನ್ನುವ ವಿದ್ಯುತ್ ಅಯಸ್ಕಾಂತದ ಕರೆಂಟಿಗೆ. ಕರೆಂಟ್ ಇದ್ದರೆ ದೀಪ ಉರಿಯುತ್ತದೆ, ಹೋದರೆ ಆರುತ್ತದೆ. ಹೊಲದ ಪಂಪ್‌ಸೆಟ್ಟನ್ನು ಮೊಬೈಲಿನಿಂದ ಆಫ್ ಮಾಡುತ್ತೀರಿ, ಫೋನು "ಆಫ್" ಅನ್ನುತ್ತದೆ, ಅಲ್ಲಿ ಮೋಟರ್ ಓಡುತ್ತಲೇ ಇರುತ್ತದೆ. ಅದೇ ಕಥೆ. ತಮಾಷೆ ಏನು ಗೊತ್ತಾ? ಹಿಂದಿನ ವರ್ಷ ಅದೇ ಘಟಕದಲ್ಲಿ ಈ ವಾಲ್ವ್ ಒಮ್ಮೆ ತೆರೆದೇ ಉಳಿದಿತ್ತು. ಅದಕ್ಕೆ ಪರಿಹಾರ ಅಂತ ಹಾಕಿದ್ದೇ ಈ ದೀಪ!

ಇನ್ನು ನೀರಿನ ಮಟ್ಟದ ವಿಷಯ. ರಿಯಾಕ್ಟರಿನೊಳಗೆ ಎಷ್ಟು ನೀರಿದೆ ಅಂತ ನೇರವಾಗಿ ತೋರಿಸುವ ಮೀಟರೇ ಅಲ್ಲಿರಲಿಲ್ಲ. ಪಕ್ಕದ ಪ್ರೆಶರೈಸರ್ ಅನ್ನುವ ತೊಟ್ಟಿಯ ಮಟ್ಟ ನೋಡಿ ಅಂದಾಜು ಮಾಡಬೇಕಿತ್ತು. ವಾಲ್ವ್ ಇದ್ದದ್ದು ಆ ತೊಟ್ಟಿಯ ನೆತ್ತಿಯ ಮೇಲೆ. ಅಲ್ಲಿಂದ ಸೋರಿದಂತೆ ಒತ್ತಡ ಕುಸಿಯಿತು, ರಿಯಾಕ್ಟರಿನ ನೀರು ಕುದ್ದು ಆವಿಯಾಯಿತು, ಆವಿ ನೀರನ್ನು ತೊಟ್ಟಿಯ ಕಡೆ ತಳ್ಳಿತು. ಒಳಗೆ ನೀರು ಕಮ್ಮಿಯಾಗುತ್ತಿದೆ, ಮೀಟರಿನಲ್ಲಿ ಜಾಸ್ತಿಯಾಗುತ್ತಿದೆ. ತೊಟ್ಟಿ ಪೂರ್ತಿ ತುಂಬಲು ಬಿಡಲೇಬಾರದು ಅಂತ ಆಪರೇಟರ್‌ಗಳಿಗೆ ತರಬೇತಿಯಲ್ಲಿ ಹೇಳಿ ಹೇಳಿ ಕಲಿಸಿದ್ದರು. ಅವರು ಕಲಿತದ್ದನ್ನೇ ಮಾಡಿದರು: ತಾನಾಗಿ ಶುರುವಾಗಿದ್ದ ತುರ್ತು ನೀರನ್ನು ಕಮ್ಮಿ ಮಾಡಿದರು. ರಿಯಾಕ್ಟರ್ ಬಂದ್ ಆದರೂ ಇಂಧನದ ಬಿಸಿ ಆರುವುದಿಲ್ಲ, ನೀರು ಬೇಕೇ ಬೇಕು.

ಸುಳಿವುಗಳು ಇರಲಿಲ್ಲವೇ? ಇದ್ದವು. ಸೋರಿದ ನೀರು ಹೋಗಿ ಸೇರುವ ಟ್ಯಾಂಕಿನ ಮೀಟರ್‌ಗಳು ಮುಖ್ಯ ಪ್ಯಾನೆಲ್‌ಗಳ ಹಿಂಬದಿಯಲ್ಲಿದ್ದವು, ಎದ್ದು ಹೋಗಿ ನೋಡಬೇಕು. ವಾಲ್ವಿನ ಮುಂದಿನ ಪೈಪು ಬಿಸಿಯಾಗಿತ್ತು. ಆದರೆ ಮೊದಲಿಂದಲೂ ಚೂರು ಸೋರಿಕೆ ಇದ್ದದ್ದರಿಂದ ಆ ಬಿಸಿ ಮಾಮೂಲಾಗಿತ್ತು. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಅಲಾರಂಗಳು ಹೊಡೆದವು. ಯಾವುದು ಮುಖ್ಯ, ಯಾವುದು ಸುಮ್ನೆ ಗದ್ದಲ, ಹೇಳುವವರಿಲ್ಲ. ಕಂಪ್ಯೂಟರಿನ ಪ್ರಿಂಟರ್ ಅಲಾರಂಗಳನ್ನು ಅಚ್ಚು ಹಾಕುತ್ತಾ ಹಾಕುತ್ತಾ ಗಂಟೆಗಟ್ಟಲೆ ಹಿಂದೆ ಬಿತ್ತು. ಸ್ಟೀಮ್ ಜನರೇಟರ್‌ಗಳಿಗೆ ತುರ್ತು ನೀರು ಕಳಿಸುವ ಇನ್ನೊಂದು ಸಾಲಿನ ವಾಲ್ವ್‌ಗಳೂ ಮುಚ್ಚಿಯೇ ಇದ್ದವು. ಅವುಗಳಲ್ಲಿ ಒಂದರ ದೀಪದ ಮೇಲೆ ರಿಪೇರಿಯ ಹಳದಿ ಚೀಟಿ ನೇತಾಡುತ್ತಿತ್ತು. ಎಂಟು ನಿಮಿಷಕ್ಕೆ ಆ ವಾಲ್ವ್‌ಗಳು ಮುಚ್ಚಿರುವುದು ಕಣ್ಣಿಗೆ ಬಿತ್ತು. ಕಥೆ ಹೇಳುವವರಿಗೆಲ್ಲ ಈ ಚೀಟಿ ಅಚ್ಚುಮೆಚ್ಚು. ನನ್ನ ಪ್ರಕಾರ ಅಂದಿನ ಅನಾಹುತದಲ್ಲಿ ಅದರ ಪಾಲು ಸಣ್ಣದು.

6 ಗಂಟೆ 22 ನಿಮಿಷಕ್ಕೆ, ಆಗಷ್ಟೇ ಬಂದಿದ್ದ ಮೇಲ್ವಿಚಾರಕರೊಬ್ಬರ ಅನುಮಾನದಿಂದ ಸಿಕ್ಕಿಕೊಂಡಿದ್ದ ರಿಲೀಫ್ ವಾಲ್ವಿನ ಪೈಪಿನಲ್ಲೇ ಇದ್ದ ಇನ್ನೊಂದು ವಾಲ್ವನ್ನು ಮುಚ್ಚಿಸಲಾಯಿತು, ಸೋರಿಕೆ ನಿಂತಿತು. ಹೊಸ ಕಣ್ಣು ನೋಡಿ, ಎರಡು ಗಂಟೆಯ ಗೊಂದಲ ಅದರ ತಲೆಯಲ್ಲಿರಲಿಲ್ಲ. ಆದರೂ ತಡವಾಗಿತ್ತು. ರಿಯಾಕ್ಟರಿನ ಒಡಲಲ್ಲಿದ್ದ ಇಂಧನದ ತಿರುಳಿನ ಸುಮಾರು ಅರ್ಧ ಭಾಗ ಕರಗಿಹೋಯಿತು.

ಅಧ್ಯಕ್ಷ ಕಾರ್ಟರ್ ನೇಮಿಸಿದ ಆಯೋಗಕ್ಕೆ ಮುಖ್ಯಸ್ಥರು ಜಾನ್ ಕೆಮೆನಿ. ಬೇಸಿಕ್ ಕಂಪ್ಯೂಟರ್ ಭಾಷೆ ಮಾಡಿದ ಇಬ್ಬರಲ್ಲಿ ಒಬ್ಬರು. ಆಪರೇಟರ್‌ಗಳ ತಪ್ಪನ್ನು ಆ ವರದಿ ಮುಚ್ಚಿಡಲಿಲ್ಲ. ಆದರೆ ತರಬೇತಿ, ಕೈಪಿಡಿ, ಕಂಟ್ರೋಲ್ ರೂಮಿನ ವಿನ್ಯಾಸ ಇವೆಲ್ಲ ಸೇರಿ ಅವರನ್ನು ಆ ತಪ್ಪಿಗೆ ದೂಡಿದ್ದವು ಅಂತಲೂ ಬರೆಯಿತು. ಇನ್ನೊಂದು ಸಂಗತಿಯೂ ಹೊರಬಿತ್ತು. 1977ರ ಸೆಪ್ಟೆಂಬರಿನಲ್ಲಿ ಒಹಾಯೋದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಇಂಥದೇ ವಾಲ್ವ್ ಹೀಗೇ ಸಿಕ್ಕಿಕೊಂಡಿತ್ತು. ಅಲ್ಲೂ ಮಟ್ಟ ಏರಿದ್ದು ನೋಡಿ ನೀರು ಕಮ್ಮಿ ಮಾಡಿದ್ದರು. ಸುಮಾರು 20 ನಿಮಿಷಕ್ಕೆ ಗೊತ್ತಾಯಿತು, ರಿಯಾಕ್ಟರ್ ಕಮ್ಮಿ ಶಕ್ತಿಯಲ್ಲಿ ನಡೆಯುತ್ತಿತ್ತು, ಬಚಾವಾದರು. ಆ ಪಾಠ ಪೆನ್ಸಿಲ್ವೇನಿಯಾದ ಆಪರೇಟರ್‌ಗಳನ್ನು ತಲುಪಲೇ ಇಲ್ಲ.

ಆಮೇಲೆ ಬದಲಾವಣೆಗಳು ಬಂದವು. ವಾಲ್ವಿನ ನಿಜವಾದ ಸ್ಥಿತಿ ತೋರಿಸುವ ಸಾಧನ, ಮುಖ್ಯ ಅಳತೆಗಳನ್ನೆಲ್ಲ ಒಂದೇ ಕಡೆ ತೋರಿಸುವ ಪರದೆ, "ಏನು ಕೆಟ್ಟಿದೆ" ಅಂತ ಗೊತ್ತಿಲ್ಲದಿದ್ದರೂ ಲಕ್ಷಣ ನೋಡಿ ನಡೆಯಬಹುದಾದ ಕೈಪಿಡಿ.

ಈಗ ಹೊಸ ಕಂಟ್ರೋಲ್ ರೂಮುಗಳಲ್ಲಿ ಗೋಡೆ ತುಂಬಾ ಪ್ಯಾನೆಲ್ ಇರುವುದಿಲ್ಲ, ಕಂಪ್ಯೂಟರ್ ಪರದೆಗಳಿರುತ್ತವೆ. ಹಿಂದೆ ಕತ್ತೆತ್ತಿದರೆ ಕಾಣುತ್ತಿದ್ದ ಮೀಟರ್ ಈಗ ಪುಟದ ಹಿಂದಿನ ಪುಟದಲ್ಲಿರಬಹುದು. ಪಕ್ಕದವರು ಏನು ಒತ್ತಿದರು ಅನ್ನುವುದೂ ಮೊದಲಿನಷ್ಟು ಸುಲಭವಾಗಿ ಕಾಣುವುದಿಲ್ಲ. ಇಲ್ಲಿ ಕೂತಿರುವ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಕೈತುಂಬಾ ಕೆಲಸವಿರುವುದು ಅಲ್ಲೇ. ಪ್ರಶ್ನೆಗಳಿದ್ದರೆ ಕೇಳಿ.